ಟೆಂಪ್ ಫೋಲ್ಡರಿನ ಆ ಫೈಲ್ ಬ್ಲಾಕ್ ಆಗಲೇಬೇಕು

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಸಂಜೆ ಹೊತ್ತು ಜೊತೆಗೆ ಕೂತು ಓದುವ ನಾವು ನಾಲ್ವರೂ ಎಡವಿದ ವಿಷಯ ಇದು, ಅದಕ್ಕೇ ಬರೆದಿಡುತ್ತಿದ್ದೇನೆ.

ಯಾವ ಪ್ರೋಗ್ರಾಂ ಓಡಬಹುದು, ಯಾವುದು ಕೂಡದು ಎಂದು ತೀರ್ಮಾನಿಸುವ ವಿಂಡೋಸ್‌ನ ಸೌಲಭ್ಯ ಆಪ್‌ಲಾಕರ್. ಅದರಲ್ಲಿ ಸ್ಕ್ರಿಪ್ಟ್ (ಕಮಾಂಡುಗಳನ್ನು ಬರೆದಿಟ್ಟ ಫೈಲ್) ರೂಲ್ ಜಾರಿಗೆ ತಂದ ಮೇಲೆ, ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ‘ಎಂಎಸ್‌ಐ ಅಂಡ್ ಸ್ಕ್ರಿಪ್ಟ್’ ಲಾಗ್ ತೆರೆದು ನೋಡಿ. ಯಾರಾದರೂ ಪವರ್‌ಶೆಲ್ (ಕಮಾಂಡ್ ಬರೆದು ಕೆಲಸ ಮಾಡಿಸುವ ವಿಂಡೋಸ್ ಪ್ರೋಗ್ರಾಂ) ತೆರೆದಾಗಲೆಲ್ಲ, ಒಂದು ಸ್ಕ್ರಿಪ್ಟನ್ನು ತಡೆಯಲಾಗಿದೆ ಎನ್ನುವ 8007 ನಂಬರಿನ ಕೆಂಪು ಸಾಲು ಬಂದು ಕೂತಿರುತ್ತದೆ. ತಡೆದ ಫೈಲು ಇರುವುದು ಬಳಕೆದಾರರ ಟೆಂಪ್ (ತಾತ್ಕಾಲಿಕ ಫೈಲುಗಳ) ಫೋಲ್ಡರಿನಲ್ಲಿ, ಅದರ ಹೆಸರು ‘__ಪಿಎಸ್‌ಸ್ಕ್ರಿಪ್ಟ್‌ಪಾಲಿಸಿಟೆಸ್ಟ್_’ ಎಂದು ಶುರುವಾಗಿ, ಆಮೇಲೆ ಪ್ರತಿ ಸಲವೂ ಬದಲಾಗುವ ಅಕ್ಷರಗಳು, ಕೊನೆಗೆ ‘.ಪಿಎಸ್1’. ಇದನ್ನು ಮೊದಲ ಸಲ ನೋಡಿದಾಗ ವೈರಸ್ ಹೊಕ್ಕಿದೆ ಎಂದೇ ಅನಿಸುತ್ತದೆ.

ಅದು ಪವರ್‌ಶೆಲ್ ತಾನೇ ಬರೆದ ಫೈಲು. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುತ್ತೇವಲ್ಲ, ಹಾಗೆ. ಈ ಯಂತ್ರದಲ್ಲಿ ಕಟ್ಟುಪಾಡು ಇದೆಯೇ ಎಂದು ತಿಳಿಯಲು ಅದು ಚಿಕ್ಕದೊಂದು ಸ್ಕ್ರಿಪ್ಟ್ ಬರೆದು, ಓಡಿಸಲು ಅನುಮತಿ ಸಿಗುತ್ತದೆಯೇ ಎಂದು ಪರೀಕ್ಷಿಸಿ, ಅಳಿಸಿಬಿಡುತ್ತದೆ. ಸಿಗದಿದ್ದರೆ ಕಟ್ಟುಪಾಡು ಇದೆ ಎಂದರ್ಥ. ಆಗ ಪವರ್‌ಶೆಲ್ ‘ಕಾನ್‌ಸ್ಟ್ರೇನ್ಡ್ ಲ್ಯಾಂಗ್ವೇಜ್’ ಎಂಬ ನಿರ್ಬಂಧಿತ ಮೋಡ್‌ಗೆ ಇಳಿಯುತ್ತದೆ. ಮಾಮೂಲಿ ಕಮಾಂಡುಗಳೆಲ್ಲ ನಡೆಯುತ್ತವೆ. ಆಡ್-ಟೈಪ್ ಕಮಾಂಡಿನಿಂದ ಹೊಸ ಕೋಡ್ ಸೇರಿಸಲು ಆಗುವುದಿಲ್ಲ, ಪವರ್‌ಶೆಲ್‌ಗೆ ಆಧಾರವಾದ ಡಾಟ್‌ನೆಟ್‌ನ ಹೆಚ್ಚಿನ ಮೆಥಡ್‌ಗಳನ್ನು ಕರೆಯಲು ಆಗುವುದಿಲ್ಲ. ದಾಳಿ ಮಾಡುವವರಿಗೆ ಬೇಕಾಗುವುದು ಅವೇ.

ನಾನು ಮಾಡಿದ ತಪ್ಪು ಇಲ್ಲೇ. ಕೆಂಪು ಸಾಲು ಹೋಗಲಿ ಎಂದು ಇಡೀ ಟೆಂಪ್ ಫೋಲ್ಡರಿಗೆ ಅನುಮತಿ ಕೊಟ್ಟೆ. ಲಾಗ್ ಸ್ವಚ್ಛವಾಯಿತು. ಆದರೆ ಪವರ್‌ಶೆಲ್‌ನಲ್ಲಿ ‘$ಎಕ್ಸಿಕ್ಯೂಶನ್‌ಕಾಂಟೆಕ್ಸ್ಟ್.ಸೆಶನ್‌ಸ್ಟೇಟ್.ಲ್ಯಾಂಗ್ವೇಜ್‌ಮೋಡ್’ ಎಂದು ಕೇಳಿದರೆ ಉತ್ತರ ‘ಫುಲ್‌ಲ್ಯಾಂಗ್ವೇಜ್’, ಅಂದರೆ ಯಾವ ನಿರ್ಬಂಧವೂ ಇಲ್ಲ! ಪರೀಕ್ಷೆಯ ಫೈಲಿಗೆ ದಾರಿ ಬಿಟ್ಟಿದ್ದರಿಂದ ಇಲ್ಲಿ ಕಟ್ಟುಪಾಡೇ ಇಲ್ಲ ಎಂದು ಅದು ತಿಳಿದುಕೊಂಡಿತ್ತು. ಅದರ ಮೇಲೆ, ಯಾರು ಬೇಕಾದರೂ ಬರೆಯಬಹುದಾದ ಫೋಲ್ಡರಿಂದ ಯಾವ ಸ್ಕ್ರಿಪ್ಟ್ ಬೇಕಾದರೂ ಓಡುವಂತಾಗಿತ್ತು. ಆ ರೂಲನ್ನು ಅದೇ ದಿನ ತೆಗೆದೆ. ಈಗ ಆ ಹೆಸರಿನ ಸಾಲುಗಳನ್ನು ಲಾಗ್ ನೋಡುವಾಗ ಫಿಲ್ಟರ್ ಮಾಡುತ್ತೇನೆ, ಅಷ್ಟೇ.

ನಿಜವಾಗಿ ಬೇಕಾದ ಸಾಫ್ಟ್‌ವೇರೇ ಟೆಂಪ್‌ನಲ್ಲಿ ಸ್ಕ್ರಿಪ್ಟ್ ಬಿಚ್ಚಿ ಓಡಿಸುವಂಥದ್ದಾದರೆ ಮಾತು ಬೇರೆ. ಸ್ಕ್ರಿಪ್ಟಿಗೆ ಡಿಜಿಟಲ್ ಸಹಿ ಇದ್ದರೆ ಆ ಸಹಿಯನ್ನು ನೋಡಿ ಬಿಡುವ ಪಬ್ಲಿಷರ್ ರೂಲ್ ಬರೆಯಿರಿ. ಫೈಲಿನ ಹೆಸರು ಬದಲಾದರೂ ಆ ರೂಲ್ ಕೆಲಸ ಮಾಡುತ್ತದೆ. ಸಹಿ ಇಲ್ಲದಿದ್ದರೆ, ಸಾಮಾನ್ಯ ಬಳಕೆದಾರ ಬರೆಯಲಾಗದ ಫೋಲ್ಡರಿಗೆ ಅದನ್ನು ಸ್ಥಳಾಂತರಿಸಲು ಆಗುತ್ತದೆಯೇ ನೋಡಿ. ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತನ್ನು ನೋಡುವ ಹ್ಯಾಶ್ ರೂಲ್ ಕೊನೆಯ ದಾರಿ, ಯಾಕೆಂದರೆ ಒಂದು ಅಕ್ಷರ ಬದಲಾದರೂ ಅದು ಕೆಲಸಕ್ಕೆ ಬಾರದು. ಮೊದಲು ಆಡಿಟ್ ಮೋಡ್‌ನಲ್ಲಿ, ಅಂದರೆ ಏನನ್ನೂ ತಡೆಯದೆ ಬರೀ ದಾಖಲಿಸುವಂತೆ, ಕೆಲವು ದಿನ ಬಿಡಿ. ಜಾರಿಯಾದರೆ ಏನೇನು ನಿಲ್ಲುತ್ತಿತ್ತು ಎಂಬುದು 8006 ನಂಬರಿನಲ್ಲಿ ಸಿಗುತ್ತದೆ.

ಇನ್ನೆರಡು ಮಾತು. ಆಪ್‌ಲಾಕರ್‌ನ ಡೀಫಾಲ್ಟ್ ರೂಲುಗಳು ವಿಂಡೋಸ್ ಫೋಲ್ಡರಿಗೆ ಪೂರ್ತಿ ಅನುಮತಿ ಕೊಡುತ್ತವೆ, ಆದರೆ ಅದರೊಳಗಿನ ‘ವಿಂಡೋಸ್\ಟೆಂಪ್’ನಲ್ಲಿ ಸಾಮಾನ್ಯ ಬಳಕೆದಾರರೂ ಫೈಲ್ ಇಡಬಹುದು. ಅದನ್ನು ರೂಲಿನ ಎಕ್ಸೆಪ್ಶನ್‌ಗೆ (ಅನುಮತಿ ಅನ್ವಯಿಸದ ಜಾಗಗಳ ಪಟ್ಟಿಗೆ) ಸೇರಿಸಿ. ಮತ್ತೆ, ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ಪರೀಕ್ಷಿಸಬೇಡಿ. ಡೀಫಾಲ್ಟ್ ರೂಲ್ ಅಡ್ಮಿನ್‌ಗೆ ಎಲ್ಲವನ್ನೂ ಬಿಡುತ್ತದೆ. ಶಿಫ್ಟಿಗೆ ಬರುವವರ ಮಾಮೂಲಿ ಲಾಗಿನ್‌ನಿಂದಲೇ ನೋಡಿ.