ಪಿ ವ್ಯಾಲ್ಯೂ 0.03 ಬಂದರೆ ನನ್ನ ಊಹೆ 97% ನಿಜಾನಾ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಎಂ.ಎ. ಸೈಕಾಲಜಿ ವಿದ್ಯಾರ್ಥಿನಿ. ಹಾಸ್ಟೆಲ್‌ನಲ್ಲಿ ಇರುವವರಿಗೂ ಮನೆಯಿಂದ ಬರುವವರಿಗೂ ಪರೀಕ್ಷೆ ಭಯದಲ್ಲಿ ವ್ಯತ್ಯಾಸ ಇದೆಯಾ ಅಂತ ನೋಡಿದೆ. ಟಿ ಟೆಸ್ಟ್‌ನಲ್ಲಿ (ಎರಡು ಗುಂಪಿನ ಸರಾಸರಿ ಹೋಲಿಸುವ ಲೆಕ್ಕ) ಪಿ 0.03 ಬಂತು. ನನ್ನ ಹೈಪಾಥಿಸಿಸ್ 97% ನಿಜ ಅಂತ ಬರೆಯಬಹುದಾ?

ಬರೆಯಬೇಡ ತಂಗಿ. ವೈವಾಕ್ಕೆ ಬಂದವರು ಮೊದಲು ಹಿಡಿಯುವುದೇ ಈ ಸಾಲನ್ನು.

ಒಂದು ಖಾನಾವಳಿ ಇದೆ ಅಂದುಕೋ. ಕಲಬುರಗಿ ತೊಗರಿ ಬೇಳೆ ಯಾವುದು, ಹೊರಗಿನದು ಯಾವುದು ಅಂತ ಬಾಯಿಗೆ ಇಟ್ಟರೆ ಸಾಕು, ಹೇಳ್ತೀನಿ ಅಂತಾರೆ ಅಲ್ಲಿ ಅಡುಗೆ ಮಾಡುವ ಅವ್ವ. ಸರಿ, ಬೇಯಿಸಿದ ಬೇಳೆಯ ಎಂಟು ಬಟ್ಟಲು ಇಡೋಣ. ನಾಲ್ಕು ನಮ್ಮದು, ನಾಲ್ಕು ಹೊರಗಿನದು, ಅದು ಅವರಿಗೂ ಗೊತ್ತು. ಎಂಟರಲ್ಲಿ ನಾಲ್ಕನ್ನು 70 ರೀತಿ ಆರಿಸಬಹುದು. ಅಂದರೆ ರುಚಿಯೇ ತಿಳಿಯದವರು ಸುಮ್ನೆ ಆರಿಸಿದರೂ ನಾಲ್ಕಕ್ಕೆ ನಾಲ್ಕೂ ಸರಿ ಬೀಳುವ ಸಾಧ್ಯತೆ 70ರಲ್ಲಿ 1, ಅಂದರೆ ಸುಮಾರು 0.014. ಇದೇ ಪಿ ವ್ಯಾಲ್ಯೂ. ನಾಲ್ಕರಲ್ಲಿ ಒಂದು ತಪ್ಪಿತೋ, ಲೆಕ್ಕ 70ರಲ್ಲಿ 17ಕ್ಕೆ ಹಾರುತ್ತದೆ (ಮೂರು ಸರಿ ಬೀಳುವ 16 ರೀತಿ, ನಾಲ್ಕೂ ಸರಿ ಬೀಳುವ 1 ರೀತಿ), ಪಿ 0.24! (ಲೆಕ್ಕ ನನ್ನದಲ್ಲ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರಲ್ಲಿ ಎಂಟು ಕಪ್ ಚಹಾ ಇಟ್ಟು ತೋರಿಸಿದ್ದು.)

ಈಗ ಪಕ್ಕದ ಟೇಬಲ್ಲಿನ ಹುಡುಗ ಎದ್ದು, ರುಚಿ ಯಾಕೆ ನೋಡಬೇಕು, ಮುಚ್ಚಿದ ಬಟ್ಟಲಿನ ಮೇಲೆ ಕೈ ಆಡಿಸಿಯೇ ಹೇಳ್ತೀನಿ ಅಂತಾನೆ, ಹೇಳ್ತಾನೂ, ನಾಲ್ಕೂ ಸರಿ. ಪಿ ಅದೇ 0.014. ಹಾಗಂತ ಅವನ ಕೈಯಲ್ಲಿ ಶಕ್ತಿ ಇರುವುದು 98.6% ನಿಜ ಅಂತೀಯಾ? ನಾನಂತೂ ಯಾರು ಕಣ್ಣು ಹೊಡೆದು ಹೇಳಿಕೊಟ್ಟರು ಅಂತ ಹುಡುಕುತ್ತೇನೆ. ಅದೇ ಅವ್ವ ನಾಲ್ಕೂ ಸರಿ ಹೇಳಿದ್ದರೆ ಅವರ ಮಾತನ್ನು ನಂಬುತ್ತೇನೆ. ಪಿ ಒಂದೇ, ನಂಬಿಕೆ ಬೇರೆ, ಯಾಕೆಂದರೆ ಊಹೆ ಎಷ್ಟು ನಿಜ ಅನ್ನುವುದನ್ನು ಪಿ ಅಳೆಯುವುದೇ ಇಲ್ಲ.

ನಿನ್ನ 0.03 ಹೇಳುವುದು ಇಷ್ಟೇ: ಎರಡು ಗುಂಪಿಗೂ ನಿಜವಾಗಿ ವ್ಯತ್ಯಾಸವೇ ಇಲ್ಲ ಅಂತ ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಸ್ಯಾಂಪಲ್‌ನ ಏರುಪೇರಿನಿಂದಲೇ ಕಾಣಿಸುವ ಸಾಧ್ಯತೆ 3%. 0.05ಕ್ಕಿಂತ ಕಡಿಮೆ, ಹಾಗಾಗಿ ನಲ್ ಹೈಪಾಥಿಸಿಸ್ (ವ್ಯತ್ಯಾಸವೇ ಇಲ್ಲ ಅನ್ನುವ ಊಹೆ) ತಿರಸ್ಕರಿಸಬಹುದು. ಆ 0.05 ಕೂಡ ಅನುಕೂಲಕ್ಕೆ ಎಳೆದ ಗೆರೆ, 0.049ಕ್ಕೆ ಹಿಗ್ಗಿ 0.051ಕ್ಕೆ ಕುಗ್ಗುವ ಅಗತ್ಯ ಇಲ್ಲ.

ಇನ್ನೊಂದು, ಇದನ್ನು ಜಾಸ್ತಿ ಜನ ಬಿಟ್ಟೇಬಿಡುತ್ತಾರೆ. ಪಿ ಚಿಕ್ಕದಾದರೆ ವ್ಯತ್ಯಾಸ ದೊಡ್ಡದು ಅಂತಲ್ಲ. ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) 10 ಇರುವ ಸ್ಕೇಲಿನಲ್ಲಿ ಬರೀ 1 ಅಂಕದ ಅಂತರ ಇದ್ದರೂ, ಗುಂಪಿಗೆ ಸಾವಿರ ಜನ ಇದ್ದರೆ ಪಿ ಸುಮಾರು 0.025 ಬರುತ್ತದೆ. ಅದೇ 5 ಅಂಕದ ಅಂತರ, ಗುಂಪಿಗೆ ಇಪ್ಪತ್ತೇ ಜನ ಅಂದರೆ ಪಿ 0.12 ಆಸುಪಾಸು. ಹಾಗಾಗಿ ಎರಡೂ ಗುಂಪಿನ ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್, ಎಷ್ಟು ಜನ, ಕೋಹೆನ್ಸ್ ಡಿ (ಸರಾಸರಿಗಳ ಅಂತರವನ್ನು ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ ಭಾಗಿಸಿದ್ದು, ವ್ಯತ್ಯಾಸ ಎಷ್ಟು ದೊಡ್ಡದು ಅಂತ ಹೇಳುತ್ತದೆ), ಇಷ್ಟನ್ನೂ ಪಿ ಪಕ್ಕದಲ್ಲೇ ಬರೆ.

ಆಮೇಲೆ, ಪರೀಕ್ಷೆ ಭಯ ಒಂದನ್ನೇ ನೋಡಿದ್ದಾ, ಇಲ್ಲಾ ನಿದ್ದೆ, ಒಂಟಿತನ, ಆತ್ಮವಿಶ್ವಾಸ ಎಲ್ಲ ಟೆಸ್ಟ್ ಮಾಡಿ ಬಂದದ್ದನ್ನು ಮಾತ್ರ ಇಟ್ಟುಕೊಂಡಿದ್ದಾ? ಏನೂ ವ್ಯತ್ಯಾಸ ಇಲ್ಲದಿದ್ದರೂ 20 ಬೇರೆ ಬೇರೆ ಟೆಸ್ಟ್ ಮಾಡಿದರೆ ಒಂದಾದರೂ 0.05ಕ್ಕಿಂತ ಕೆಳಗೆ ಬರುವ ಸಾಧ್ಯತೆ 64%. ಬರದೇ ಇದ್ದವುಗಳನ್ನೂ ಟೇಬಲ್‌ನಲ್ಲಿ ತೋರಿಸಿಬಿಡು.