ಅಲಂಕಾರಿಕ ಮರಗಳ ಮೇಲಿನ ಹಿಟ್ಟು ತಿಗಣೆ: ಸಿಂಪಡಣೆಗೆ ಮೊದಲು ನೋಡಬೇಕಾದದ್ದು

ಹಿಟ್ಟು ತಿಗಣೆಯ ಪಾಠ ತೆರೆದರೆ ನಮ್ಮ ಕಣ್ಣು ಮೊದಲು ಓಡುವುದು ಔಷಧಿಗಳ ಪಟ್ಟಿಗೆ. ಈ ಟಿಪ್ಪಣಿಯಲ್ಲಿ ಔಷಧಿಯನ್ನು ಬೇಕೆಂದೇ ಹಿಂದಕ್ಕೆ ಹಾಕಿದ್ದೇನೆ. ಮರದ ಮೇಲೆ ಕೂತಿರುವುದು ಯಾವ ಹುಳು? ಕಾಂಡದ ಮೇಲೆ ಇರುವೆ ಸಾಲು ಇದೆಯೇ? ಇವೆರಡನ್ನೂ ನೋಡದೆ ಸಿಂಪಡಣೆಗೆ ಇಳಿದರೆ ಹುಳು ಕಡಿಮೆಯಾಗುವ ಬದಲು ಹೆಚ್ಚುವುದೂ ಉಂಟು. ಅದು ಏಕೆ ಎಂಬುದೇ ಈ ವಿಷಯದ ತಿರುಳು.

ಹುಳು ಬದುಕುವ ಬಗೆ

ಹಿಟ್ಟು ತಿಗಣೆಗಳು ಸೂಡೊಕಾಕ್ಸಿಡೀ ಕುಟುಂಬದ ರಸ ಹೀರುವ ಕೀಟಗಳು. ಬೆಳೆದ ಹೆಣ್ಣು ಸುಮಾರು 3–4 ಮಿ.ಮೀ. ಉದ್ದ, ಮೆತ್ತಗಿನ ಮೈ, ರೆಕ್ಕೆಯಿಲ್ಲ, ಮೈಮೇಲೆ ಬಿಳಿ ಮೇಣದ ಪುಡಿ. ಗಂಡಿಗೆ ರೆಕ್ಕೆ ಬರುತ್ತದೆ, ಆದರೆ ಬೆಳೆದ ಗಂಡು ಏನನ್ನೂ ತಿನ್ನಲಾರದು, ಕೆಲವೇ ದಿನ ಬದುಕುತ್ತದೆ. ಮರಕ್ಕೆ ಹಾನಿಯೆಲ್ಲ ಹೆಣ್ಣು ಮತ್ತು ಮರಿಗಳಿಂದ.

ಹೆಚ್ಚಿನ ಜಾತಿಗಳಲ್ಲಿ ಹೆಣ್ಣು ಹತ್ತಿಯಂಥ ಚೀಲ ನೇಯ್ದು ಅದರೊಳಗೆ ನೂರಾರು ಮೊಟ್ಟೆ ಇಡುತ್ತದೆ. ಉದ್ದ ಬಾಲದ ಹಿಟ್ಟು ತಿಗಣೆ ಮಾತ್ರ ಚೀಲ ಕಟ್ಟದೆ ನೇರವಾಗಿ ಮರಿ ಹಾಕುತ್ತದೆ. ಹೊಸದಾಗಿ ಹೊರಬಂದ ಮರಿಯ ಮೈಮೇಲೆ ಮೇಣ ಇನ್ನೂ ಕೂತಿರುವುದಿಲ್ಲ. ಅದು ಚುರುಕಾಗಿ ನಡೆದು ಹೊಸ ಜಾಗ ಹುಡುಕುತ್ತದೆ. ಗಾಳಿ, ಇರುವೆ, ಕತ್ತರಿ, ನಮ್ಮ ಬಟ್ಟೆ, ಯಾವುದನ್ನು ಹಿಡಿದಾದರೂ ಪಕ್ಕದ ಗಿಡಕ್ಕೆ ಹೋಗುತ್ತದೆ. ಅಡಿಗೆರೆ ಹಾಕಿಕೊಳ್ಳಬೇಕಾದ ಮಾತು ಇದು: ಹುಳುವನ್ನು ಸುಲಭವಾಗಿ ಕೊಲ್ಲಬಹುದಾದದ್ದು ಈ ಬರಿಮೈಯ ದಿನಗಳಲ್ಲಿ. ಆಮೇಲೆ ನೀರಿನಂಥ ದ್ರಾವಣ ಮೇಣದ ಮೇಲಿಂದ ಜಾರಿ ಹೋಗುತ್ತದೆ, ಮೊಟ್ಟೆ ಚೀಲದೊಳಕ್ಕಂತೂ ಇಳಿಯುವುದೇ ಇಲ್ಲ. ಒಂದೇ ಸಿಂಪಡಣೆಗೆ ಹುಳು ಹೋಗದಿರುವುದಕ್ಕೆ, 7–10 ದಿನಕ್ಕೊಮ್ಮೆ ಮತ್ತೆ ಮಾಡಬೇಕು ಎನ್ನುವುದಕ್ಕೆ ಕಾರಣ ಇದೇ.

ಎಲ್ಲಿ ಹುಡುಕಬೇಕು

ಎಲೆಯ ಮೇಲ್ಮೈ ನೋಡಿ ಮರ ಚೆನ್ನಾಗಿದೆ ಎಂದುಕೊಳ್ಳಬೇಡಿ. ಎಲೆ ತೊಟ್ಟಿನ ಬುಡ, ಕೊಂಬೆ ಕವಲೊಡೆಯುವ ಸಂದು, ತೊಗಟೆಯ ಬಿರುಕು, ಊರುಗೋಲಿಗೆ ಕಟ್ಟಿದ ದಾರದ ಅಡಿ, ಇವು ಅದರ ಅಡಗುತಾಣಗಳು. ದಾಸವಾಳದಲ್ಲಿ ಗುಲಾಬಿ ಹಿಟ್ಟು ತಿಗಣೆ ಬಿದ್ದಿದ್ದರೆ ಚಿಗುರೇ ಹೇಳಿಬಿಡುತ್ತದೆ: ಅದರ ಜೊಲ್ಲಿನಲ್ಲಿರುವ ವಿಷದಿಂದ ಎಳೆ ಎಲೆಗಳು ಸುಕ್ಕಾಗಿ, ಮುದುಡಿ, ಗೆಣ್ಣುಗಳ ನಡುವಿನ ಅಂತರ ಕುಗ್ಗಿ, ತುದಿ ಮುಷ್ಟಿ ಕಟ್ಟಿದಂತೆ ಗೊಂಚಲಾಗುತ್ತದೆ. ಆ ಗೊಂಚಲನ್ನು ಬಿಡಿಸಿದರೆ ಮಡಿಕೆಗಳ ಒಳಗೆ ಹುಳುಗಳು ಸಿಗುತ್ತವೆ. ಇಂಥ ತುದಿಗೆ ಸಿಂಪಡಣೆ ತಲುಪುವುದಿಲ್ಲ; ಕತ್ತರಿಸಿ, ಅಲ್ಲೇ ಚೀಲಕ್ಕೆ ಹಾಕಿ ಬಾಯಿ ಕಟ್ಟುವುದೇ ಸರಿ. ಕತ್ತರಿಸಿದ್ದನ್ನು ಮರದ ಬುಡದಲ್ಲಿ ರಾಶಿ ಹಾಕಿದರೆ ಮರಿಗಳು ನಡೆದು ವಾಪಸ್ಸು ಬರುತ್ತವೆ.

ಎಲೆ ಅಂಟಂಟಾಗಿ, ಮೇಲೆ ಕಪ್ಪು ಬೂಷ್ಟು ಹಿಡಿದಿದ್ದರೆ ಕಾರಣ ಮೇಲಿನ ಕೊಂಬೆಯಲ್ಲಿರುತ್ತದೆ. ಹುಳು ಹೀರಿದ ರಸದಲ್ಲಿ ಮಿಕ್ಕ ಸಕ್ಕರೆಯನ್ನು ಅಂಟಾಗಿ ಹೊರಹಾಕುತ್ತದೆ, ಬೂಷ್ಟು ಬೆಳೆಯುವುದು ಅದರ ಮೇಲೆ. ಅದಕ್ಕೆಂದು ಶಿಲೀಂಧ್ರನಾಶಕ ಸಿಂಪಡಿಸುವುದು ವ್ಯರ್ಥ.

ಬಿಳಿಯಾಗಿರುವುದೆಲ್ಲ ಶತ್ರುವಲ್ಲ

ಪರೀಕ್ಷೆಯಲ್ಲಿ ಕೇಳಿದರೂ ಕೇಳದಿದ್ದರೂ ಇದನ್ನು ಕಣ್ಣಿನಿಂದಲೇ ಕಲಿಯಬೇಕು. ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ ನೋಡಲು ದೊಡ್ಡ ಹಿಟ್ಟು ತಿಗಣೆಯಂತೆಯೇ ಇರುತ್ತದೆ, ಮೈತುಂಬ ಬಿಳಿ ಮೇಣದ ಎಳೆಗಳು. ಆದರೆ ಅದು ತಿನ್ನುವುದು ಹಿಟ್ಟು ತಿಗಣೆಯನ್ನೇ. ಗುರುತಿಸುವುದು ಹೀಗೆ: ಅದು 13 ಮಿ.ಮೀ.ವರೆಗೂ ಬೆಳೆಯುತ್ತದೆ, ಮೇಣದ ಎಳೆಗಳು ಉದ್ದವಾಗಿ ಕೆದರಿಕೊಂಡಿರುತ್ತವೆ, ಕಡ್ಡಿಯಿಂದ ಮುಟ್ಟಿದರೆ ಕಾಲು ಹಾಕಿ ಬೇಗ ಸರಿಯುತ್ತದೆ. ಹಿಟ್ಟು ತಿಗಣೆ ಗುಂಪಾಗಿ, ಹೆಚ್ಚು ಕದಲದೆ ಕೂತಿರುತ್ತದೆ. ಬೆಳೆದ ಗುಲಗಂಜಿ ಹುಳುವಿನ ಬೆನ್ನು ಕಡುಗಂದು, ತಲೆ ಮತ್ತು ಹಿಂತುದಿ ಕಿತ್ತಳೆ.

ಈ ಕೀಟವನ್ನು ಕೀಟತಜ್ಞ ಆಲ್ಬರ್ಟ್ ಕೋಬೆಲೆ 1891ರಲ್ಲಿ ಆಸ್ಟ್ರೇಲಿಯಾದಿಂದ ಕ್ಯಾಲಿಫೋರ್ನಿಯಾಕ್ಕೆ ತಂದರು. ಅದಕ್ಕೆ ಮೂರು ವರ್ಷ ಮೊದಲು ಅವರೇ ರೊಡೋಲಿಯಾ ಎಂಬ ಇನ್ನೊಂದು ಗುಲಗಂಜಿ ಹುಳುವನ್ನು ತಂದಿದ್ದರು, ಅದು ಕಿತ್ತಳೆ ತೋಟಗಳಲ್ಲಿ ರಸ ಹೀರುವ ಐಸೀರಿಯಾ ಕೀಟವನ್ನು ಹತೋಟಿಗೆ ತಂದಿತು. ಐಸೀರಿಯಾ ಕೂಡ ಬಿಳಿ, ಆದರೆ ಅದರ ಮೊಟ್ಟೆ ಚೀಲದ ಮೇಲೆ ಉದ್ದುದ್ದ ಗೆರೆಗಳಿರುತ್ತವೆ. ಒಂದರ ಶತ್ರು ಇನ್ನೊಂದಕ್ಕೆ ಒಗ್ಗುವುದಿಲ್ಲ, ಆದ್ದರಿಂದ ಗುರುತಿಸುವಿಕೆಯಲ್ಲಿ ಅವಸರ ಬೇಡ.

ಮೊದಲು ಇರುವೆ

ಹುಳು ಹೊರಹಾಕುವ ಸಿಹಿ ಅಂಟಿನ ಆಸೆಗೆ ಬರುವ ಇರುವೆಗಳು ಹಿಟ್ಟು ತಿಗಣೆಗೆ ಕಾವಲು ನಿಲ್ಲುತ್ತವೆ. ಗುಲಗಂಜಿ ಹುಳು, ಪರತಂತ್ರ ಕಣಜ (ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪುಟ್ಟ ಕಣಜ) ಹತ್ತಿರ ಬಂದರೆ ಓಡಿಸುತ್ತವೆ. ಇರುವೆಯ ದಾರಿ ಕಟ್ಟಿದರೆ ಮರದಲ್ಲಿ ಈಗಾಗಲೇ ಇರುವ ಮಿತ್ರಕೀಟಗಳು ಕೆಲಸ ಶುರು ಮಾಡುತ್ತವೆ. ನನ್ನ ಮಟ್ಟಿಗೆ, ದೊಡ್ಡ ಮರದಲ್ಲಿ ಇದಕ್ಕಿಂತ ಫಲ ಕೊಡುವ ಇನ್ನೊಂದು ಕೆಲಸವಿಲ್ಲ.

ಕಾಂಡಕ್ಕೆ ಬಟ್ಟೆಪಟ್ಟಿ ಅಥವಾ ಟೇಪು ಸುತ್ತಿ, ಅದರ ಮೇಲೆ ಕೀಟಗಳಿಗೆಂದೇ ಸಿಗುವ ಅಂಟು ಬಳಿಯಬೇಕು. ನೇರವಾಗಿ ತೊಗಟೆಗೆ ಬಳಿದರೆ ಎಳೆಯ ಮರಕ್ಕೆ ಪೆಟ್ಟಾಗಬಹುದು. ತೊಗಟೆ ಒರಟಾಗಿದ್ದರೆ ಪಟ್ಟಿಯ ಅಡಿಯ ಸಂದುಗಳಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಇರುವೆ ಕೆಳಗಿನಿಂದಲೇ ನುಸುಳುತ್ತದೆ. ಗೋಡೆಗೋ ಪಕ್ಕದ ಮರಕ್ಕೋ ತಾಗಿದ ಒಂದು ಕೊಂಬೆ ಉಳಿದರೂ ಪಟ್ಟಿ ಕಟ್ಟಿದ್ದು ದಂಡ. ಅಂಟಿನ ಮೇಲೆ ಧೂಳು, ತರಗೆಲೆ ಕೂತು ಸೇತುವೆಯಾಗುತ್ತದೆ, ಆಗಾಗ ನೋಡಬೇಕು. ಪಟ್ಟಿಯನ್ನು ಬಹುಕಾಲ ಹಾಗೇ ಬಿಟ್ಟರೆ ಅಡಿಯಲ್ಲಿ ತೇವ ನಿಂತು ತೊಗಟೆ ಕೆಡುತ್ತದೆ.

ತೊಳೆಯುವುದು, ಸೋಪು, ಎಣ್ಣೆ

ರಭಸದ ನೀರು ಹುಳುಗಳನ್ನು ಕೆಡವುತ್ತದೆ, ಎಲೆಯ ಮೇಲಿನ ಸಿಹಿ ಅಂಟನ್ನೂ ತೊಳೆಯುತ್ತದೆ. ಚಿಕ್ಕ ಮರದಲ್ಲಿ ಅಲ್ಲೊಂದು ಇಲ್ಲೊಂದು ಗುಂಪಿದ್ದರೆ 70% ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು.

ಹೆಚ್ಚಿದ್ದರೆ ಕೀಟನಾಶಕ ಸೋಪು ಅಥವಾ ತೋಟಗಾರಿಕೆ ಎಣ್ಣೆ. ಸೋಪು ದ್ರಾವಣ ಸಾಮಾನ್ಯವಾಗಿ 1–2%, ಅಂದರೆ ಲೀಟರಿಗೆ 10–20 ಮಿ.ಲೀ. ಬಟ್ಟೆ ಒಗೆಯುವ ಪುಡಿ ಬೇಡ, ಎಲೆ ಸುಡುತ್ತದೆ. ಸೋಪು ಹುಳುವಿನ ಮೈಮೇಲೆ ಒದ್ದೆಯಾಗಿರುವಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ ಬಿಸಿಲು ಇಳಿದ ಮೇಲೆ, ಎಲೆಯಡಿ ಮತ್ತು ಸಂದುಗಳು ತೊಯ್ಯುವಂತೆ ಹೊಡೆಯಬೇಕು. ಮೊದಲು ಒಂದೆರಡು ಕೊಂಬೆಗೆ ಹೊಡೆದು ಎರಡು ದಿನ ಕಾದು ನೋಡಿ. ಬಾಡಿದ ಮರಕ್ಕೆ ನೀರು ಕೊಡದೆ ಎಣ್ಣೆ ಹೊಡೆಯಬಾರದು.

ಪೈರೆಥ್ರಾಯ್ಡ್‌ನಂಥ ಎಲ್ಲವನ್ನೂ ಕೊಲ್ಲುವ ಔಷಧಿ ಹೊಡೆದಾಗ ಸಂದಿನಲ್ಲಿರುವ ತಿಗಣೆ ಉಳಿಯುತ್ತದೆ, ಬಯಲಲ್ಲಿ ಓಡಾಡುವ ಮಿತ್ರಕೀಟ ಸಾಯುತ್ತದೆ. ಕೆಲವು ವಾರಗಳಲ್ಲಿ ಹುಳು ಮೊದಲಿಗಿಂತ ದಟ್ಟವಾಗಿ ಮರಳುತ್ತದೆ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಬೇರಿನಿಂದ ಮರದೊಳಗೆ ಏರಿ ಹುಳುವನ್ನು ತಲುಪುತ್ತದೆ ನಿಜ. ಹೂವಿನ ಮಕರಂದ, ಪರಾಗಕ್ಕೂ ಹೋಗುತ್ತದೆ. ಜೇನುನೊಣಗಳಿಗೆ ಆಗುವ ಅಪಾಯದಿಂದಾಗಿಯೇ ಯುರೋಪಿಯನ್ ಒಕ್ಕೂಟ 2018ರಲ್ಲಿ ಇದನ್ನು ಬಯಲಿನಲ್ಲಿ ಬಳಸದಂತೆ ನಿಷೇಧಿಸಿತು. ಹೂ ಬಿಡುವ ಮರಕ್ಕೆ ಇದು ಬೇಡವೆಂದೇ ನನ್ನ ಅಭಿಪ್ರಾಯ.

ಗೊಬ್ಬರದ ವಿಷಯ ಒಂದೇ ಮಾತು: ಸಾರಜನಕ ಹೆಚ್ಚಾದರೆ ಎಳೆ ಚಿಗುರು ಹೆಚ್ಚು, ಹುಳುವೂ ಹೆಚ್ಚು.

ಸತ್ತಿದೆಯೋ ಇಲ್ಲವೋ

ಹುಳು ಸತ್ತರೂ ಮೇಣ ಕೊಂಬೆಗೆ ಅಂಟಿಕೊಂಡೇ ಇರುತ್ತದೆ. ಅದನ್ನು ನೋಡಿ ಗಾಬರಿಯಿಂದ ಮತ್ತೆ ಔಷಧಿ ಹೊಡೆಯುವವರೇ ಹೆಚ್ಚು. ಕಡ್ಡಿಯಿಂದ ಒತ್ತಿ ನೋಡಿ: ಬದುಕಿದ್ದರೆ ರಸ ಒಸರುತ್ತದೆ, ಸತ್ತಿದ್ದರೆ ಒಣ ಪುಡಿಯಾಗಿ ಉದುರುತ್ತದೆ. ಮೊಟ್ಟೆ ಚೀಲವನ್ನು ಕಡ್ಡಿಯಿಂದ ಕೆದಕಿ ಭೂತಕನ್ನಡಿಯಲ್ಲಿ ನೋಡಿದರೆ ತುಂಬಿದೆಯೋ ಬರಿದಾಗಿದೆಯೋ ತಿಳಿಯುತ್ತದೆ. ತುಂಬಿದ್ದರೆ ಅದನ್ನು ಕೆರೆದು ತೆಗೆಯಿರಿ, ವಾರ ಬಿಟ್ಟು ಅದೇ ಕೊಂಬೆಗಳನ್ನು ಮತ್ತೆ ನೋಡಿ.