ಕವಳಿಯ ಹಣ್ಣು, ಕವಳಿಯ ಬೇರು

ಮಲೆನಾಡಿನ ಬ್ಯಾಣಗಳಲ್ಲೂ ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲೂ ಬೇಸಿಗೆಯ ಕೊನೆಗೆ ಕಪ್ಪು ಹಣ್ಣು ಬಿಡುವ ಕವಳಿ ಮಟ್ಟಿಯನ್ನು ಕರಂಡೆ ಎಂದೂ ಕರೆಯುವುದುಂಟು. 1767ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಕರಿಸ್ಸಾ ಕರಂಡಾಸ್ ಎಂಬ ಹೆಸರಿಟ್ಟ. ಔಷಧೀಯ ಸಸ್ಯಗಳ ಯಾವ ಪಟ್ಟಿಯನ್ನು ತೆರೆದರೂ ಇದರ ಹೆಸರಿನ ಮುಂದೆ ಹತ್ತಾರು ಕಾಯಿಲೆಗಳು ಸಾಲುಗಟ್ಟಿರುತ್ತವೆ. ಆದರೆ ಗಿಡದ ಯಾವ ಭಾಗ, ಎಷ್ಟು ಪ್ರಮಾಣದಲ್ಲಿ ಎಂಬುದನ್ನು ಆ ಪಟ್ಟಿಗಳು ಹೇಳುವುದು ಅಪರೂಪ. ಕವಳಿಯ ವಿಷಯದಲ್ಲಿ ಈ ಎರಡು ಪ್ರಶ್ನೆಗಳನ್ನು ಬಿಟ್ಟು ಔಷಧದ ಮಾತನ್ನೇ ಆಡುವಂತಿಲ್ಲ.

ಎಳೆಗಾಯಿಯನ್ನು ಕಿತ್ತರೆ ತೊಟ್ಟಿನ ಬುಡದಲ್ಲಿ ಬಿಳಿ ಹಾಲು ಮಣಿಗಟ್ಟುತ್ತದೆ; ಬೆರಳಿಗೆ ತಾಗಿದರೆ ಅಂಟಾಗುತ್ತದೆ. ಗಿಡದ ಗಾಯವನ್ನು ಮುಚ್ಚುವ, ಎಲೆ ಕಡಿಯಲು ಬಂದ ಹುಳುವಿನ ಬಾಯನ್ನು ಅಂಟಿಸಿಬಿಡುವ ಈ ಹಾಲು ಕವಳಿಯ ಕುಲಕ್ಕೆ ಬಂದ ಬಳುವಳಿ. ಕಣಗಿಲೆ, ಸದಾಪುಷ್ಪ, ಸರ್ಪಗಂಧ ಎಲ್ಲವೂ ಇದೇ ಅಪೋಸೈನೇಸಿ ಕುಟುಂಬದವು. ಸದಾಪುಷ್ಪದಿಂದ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ದೊರೆಯಿತು, ಸರ್ಪಗಂಧದಿಂದ ರಕ್ತದೊತ್ತಡ ಇಳಿಸುವ ರೆಸರ್ಪಿನ್ ದೊರೆಯಿತು, ಕಣಗಿಲೆಯಂತೂ ಜೀವ ತೆಗೆಯುವುದಕ್ಕೇ ಹೆಸರಾಗಿದೆ. ಇಂಥ ಮನೆತನದಲ್ಲಿ ಹುಟ್ಟಿಯೂ ಮಕ್ಕಳು ಬುಟ್ಟಿಗಟ್ಟಲೆ ತಿನ್ನುವ ಹಣ್ಣು ಕೊಡುವುದು ಕವಳಿಯ ವಿಶೇಷ.

ಮನೆತನದ ಗುಣ ಮಾತ್ರ ಬೇರಿನಲ್ಲಿ ಉಳಿದುಕೊಂಡಿದೆ. 1960ರ ದಶಕದಲ್ಲಿ ಭಾರತೀಯ ಸಂಶೋಧಕರು ಕವಳಿಯ ಬೇರಿನಲ್ಲಿ ಹೃದಯದ ಮೇಲೆ ಕೆಲಸ ಮಾಡುವ, ಸಕ್ಕರೆಯ ಅಣು ಬೆಸೆದ ಸಸ್ಯದ್ರವ್ಯಗಳಾದ ಗ್ಲೈಕೋಸೈಡ್‌ಗಳಿರುವುದನ್ನು ತೋರಿಸಿದರು. ನಮ್ಮ ಜೀವಕೋಶಗಳ ಪೊರೆಯಲ್ಲಿ ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುವ ಒಂದು ಪ್ರೋಟೀನ್ ಪಂಪ್ ಇದೆ. ಈ ಬಗೆಯ ಗ್ಲೈಕೋಸೈಡ್‌ಗಳು ಆ ಪಂಪನ್ನು ತಡೆಯುತ್ತವೆ. ಸೋಡಿಯಂ ಒಳಗೇ ಉಳಿಯುತ್ತದೆ, ಅದರಿಂದಾಗಿ ಕ್ಯಾಲ್ಸಿಯಂ ಕೂಡ ಹೆಚ್ಚುತ್ತದೆ, ಹೃದಯದ ಸ್ನಾಯು ಬಲವಾಗಿ ಸಂಕುಚಿಸುತ್ತದೆ. ಹೃದ್ರೋಗಿಗಳಿಗೆ ಕೊಡುವ ಡಿಗಾಕ್ಸಿನ್ ಮಾತ್ರೆಯ ಕೆಲಸವೂ ಇದೇ. ಪ್ರಮಾಣ ತುಸು ಮೀರಿದರೆ ಹೃದಯದ ಲಯವೇ ತಪ್ಪುತ್ತದೆ. ಕವಳಿಗೆ ಬಲು ಹತ್ತಿರದ ಸಂಬಂಧಿಯಾದ ಅಕೊಕ್ಯಾಂಥೆರಾ ಎಂಬ ಆಫ್ರಿಕದ ಗಿಡದಲ್ಲಿರುವ, ಇದೇ ಬಗೆಯ ವಿಷವಾದ ಊಬೇನ್‌ ಅನ್ನು ಪೂರ್ವ ಆಫ್ರಿಕದ ಬೇಟೆಗಾರರು ಬಾಣದ ಮೊನೆಗೆ ಸವರುತ್ತಿದ್ದರು. ಅಲ್ಲಿನ ಒಂದು ಜಾತಿಯ ಇಲಿಯೂ ಆ ಗಿಡದ ತೊಗಟೆಯನ್ನು ಅಗಿದು ಮೈಗೂದಲಿಗೆ ಬಳಿದುಕೊಂಡು ಬೇಟೆನಾಯಿಗಳಿಂದ ಪಾರಾಗುತ್ತದೆ. ದನದ ಹುಳಬಿದ್ದ ಗಾಯಕ್ಕೆ ಕವಳಿಬೇರನ್ನು ಅರೆದು ಹಚ್ಚುವ ಹಳ್ಳಿಯ ಪದ್ಧತಿಗೆ ಆದ್ದರಿಂದ ಅರ್ಥವಿದೆ. ಅದೇ ಬೇರಿನ ಕಷಾಯ ಕುಡಿಯಿರಿ ಎಂಬ ಸಲಹೆಗೆ, ಅದರಲ್ಲೂ ಈಗಾಗಲೇ ಹೃದಯದ ಮಾತ್ರೆ ನುಂಗುತ್ತಿರುವವರಿಗೆ ಕೊಡುವ ಸಲಹೆಗೆ, ಯಾವ ಅರ್ಥವೂ ಇಲ್ಲ.

ಹಣ್ಣಿನ ರಸಾಯನ ಬೇರೆಯೇ. ಗಿಡದ ದೃಷ್ಟಿಯಿಂದ ಬೇರನ್ನು ಯಾರೂ ಕಡಿಯಬಾರದು, ಹಣ್ಣನ್ನಾದರೋ ಹಕ್ಕಿಗಳು ತಿಂದು ಬೀಜವನ್ನು ದೂರ ಒಯ್ಯಬೇಕು. ಬಲಿಯುತ್ತಾ ಹೋದಂತೆ ಕಾಯಿಯ ಒಗರು ಇಳಿದು, ಹುಳಿಯ ಜತೆಗೆ ಸಿಹಿ ಸೇರಿ, ಸಿಪ್ಪೆಯಲ್ಲಿ ಆಂಥೋಸಯನಿನ್ ಎಂಬ ವರ್ಣದ್ರವ್ಯ ತುಂಬುತ್ತದೆ. ಹುಳಿಯಲ್ಲಿ ಇದು ಕೆಂಪು. ಹಣ್ಣಿನ ರಸಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಕೆಂಪು ಮಾಸಿ ನೀಲಿಯತ್ತ ತಿರುಗುವುದನ್ನು ಕಣ್ಣೆದುರೇ ನೋಡಬಹುದು. ತಿರುಳಿನಲ್ಲಿ ಪೆಕ್ಟಿನ್ ಎಂಬ ನಾರಿನಂಶ ಹೇರಳವಾಗಿದೆ. ಪೆಕ್ಟಿನ್ ಗಟ್ಟಿಯಾಗಲು ಹುಳಿಯೂ ಸಕ್ಕರೆಯೂ ಬೇಕು. ಹುಳಿ ಹಣ್ಣಿನಲ್ಲೇ ಇರುವುದರಿಂದ ಸಕ್ಕರೆ ಹಾಕಿ ಕುದಿಸಿದರೆ ಸಾಕು, ಕವಳಿಯ ಜೆಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಉರ್ಸಾಲಿಕ್ ಆಮ್ಲದಂಥ ಟ್ರೈಟರ್ಪೀನ್‌ಗಳೂ ಇದರಲ್ಲಿವೆ, ಉರಿಯೂತ ತಗ್ಗಿಸುವ ಅವುಗಳ ಗುಣ ಪ್ರಯೋಗಾಲಯದಲ್ಲಿ ಕಂಡಿದೆ.

ಮಧುಮೇಹಕ್ಕೆ ಕವಳಿ ಒಳ್ಳೆಯದೆಂಬ ಮಾತಿಗೂ ಒಂದು ಮೂಲವಿದೆ. 2011ರಲ್ಲಿ ನಾಗಪುರದ ಸಂಶೋಧಕರು ಬಲಿಯದ ಕಾಯಿಯ ಮೆಥನಾಲ್ ಸಾರವನ್ನು ದೇಹತೂಕದ ಕಿಲೋಗೆ 400 ಮಿಲಿಗ್ರಾಂನಂತೆ ಮಧುಮೇಹಿ ಇಲಿಗಳಿಗೆ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಿತು. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಹೊಂದಿಸುವ ವಾಡಿಕೆಯ ಸೂತ್ರದಂತೆ ಲೆಕ್ಕ ಹಾಕಿದರೆ 60 ಕಿಲೋ ತೂಕದವರಿಗೆ ಸುಮಾರು 4 ಗ್ರಾಂ ಒಣ ಸಾರ ಬೇಕಾಗುತ್ತದೆ. ಸಾರವೆಂದರೆ ದ್ರಾವಕದಲ್ಲಿ ಸೆಳೆದು, ನೀರು ನಾರು ಎಲ್ಲ ಬಿಟ್ಟು ಉಳಿದ ಅಂಶ. ಊಟಕ್ಕೆ ನಂಚಿಕೊಳ್ಳುವ ನಾಲ್ಕು ಉಪ್ಪಿನಕಾಯಿ ಹೋಳುಗಳಿಗೂ ಅದಕ್ಕೂ ಸಂಬಂಧವಿಲ್ಲ. ಉಪ್ಪಿನಕಾಯಿಯಿಂದ ಖಚಿತವಾಗಿ ದೇಹ ಸೇರುವುದು ಉಪ್ಪು.

ಕವಳಿಯಲ್ಲಿ ಕಬ್ಬಿಣ ಹೇರಳ ಎಂಬ ಮಾತಿನ ಕಥೆಯೂ ಹೀಗೆಯೇ. 100 ಗ್ರಾಂಗೆ 39 ಮಿಲಿಗ್ರಾಂ ಎಂದು ಎಲ್ಲೆಡೆ ಓಡಾಡುವ ಅಂಕಿ ಹಳೆಯ ಪೋಷಕಾಂಶ ಕೋಷ್ಟಕದಲ್ಲಿ ಒಣ ಹಣ್ಣಿಗೆ ಬರೆದದ್ದು. ನೀರು ಹೋದ ಮೇಲೆ ಖನಿಜಗಳ ಪಾಲು ಹಲವು ಪಟ್ಟು ಏರುವುದು ಸಹಜ. ಸಸ್ಯಮೂಲದ ಕಬ್ಬಿಣವನ್ನು ಕರುಳು ಹೀರುವುದೂ ಕಡಿಮೆ, ಹಸಿ ಹಣ್ಣಿನ ಸಿ ಜೀವಸತ್ವ ಅದಕ್ಕೆ ಕೊಂಚ ನೆರವಾಗುತ್ತದೆ ಅಷ್ಟೆ.

ಇಷ್ಟಾಗಿಯೂ ಪೇಟೆಯವರು ಹೆಚ್ಚಾಗಿ ಕವಳಿ ತಿನ್ನುವುದು ತಮಗೇ ತಿಳಿಯದೆ, ಬೇಕರಿಯ ಕೇಕಿನ ಮೇಲೆ. ಚೆರ್ರಿ ಎಂದು ನಮ್ಮಲ್ಲಿ ಮಾರಾಟವಾಗುವುದರಲ್ಲಿ ಬಹುಪಾಲು ಬೀಜ ತೆಗೆದು, ಸ್ವಂತ ಬಣ್ಣ ಹೋಗುವಂತೆ ನೆನೆಹಾಕಿ, ಕೃತಕ ಕೆಂಪು ಬಳಿದು ಸಕ್ಕರೆ ಪಾಕದಲ್ಲಿ ಅದ್ದಿದ ಕವಳಿಕಾಯಿ. ಆಂಥೋಸಯನಿನ್ ಅದರಲ್ಲಿ ಹುಡುಕಿದರೂ ಸಿಗದು.